ತಕ್ಕಡಿಯ ಮೇಲಿನ ಕೈ

ತೊಂಬತ್ತೇಳರ ಭಾದ್ರಪದ. ಹಾಸನದ ಆಲೂಗಡ್ಡೆ ಮಂಡಿಯಲ್ಲಿ ಬೆಳಗಿನಿಂದ ಮೂಟೆ ಇಳಿಯುತ್ತಲೇ ಇತ್ತು. ಬೆಳೆಗಾರರ ಸಂಘದ ಕಚೇರಿಯೊಳಗೆ ಶಾಂತರಾಜು ಕಂಪ್ಯೂಟರಿನ ಮುಚ್ಚಳ ಬಿಚ್ಚಿ ಧೂಳು ಊದುತ್ತಿದ್ದ.

ಮೂರು ಸುಗ್ಗಿಯ ಹಿಂದೆ ಇದೇ ಯಂತ್ರದಲ್ಲಿ ತೂಕದ ಅಂಕಿ ಒತ್ತುವ ಕೆಲಸ ಅವನದು. ಸಂಜೆಯ ಹೊತ್ತಿಗೆ ರೈತರ ತೂಕ ಬದಲಾಗಿರುತ್ತಿತ್ತು. "ಯಂತ್ರ ಸುಳ್ಳು ಹೇಳುತ್ತೇನೋ? ತಿಂದವನು ನೀನೇ," ಎಂದಿದ್ದರು ಕಾರ್ಯದರ್ಶಿ ವಸಿಷ್ಠ. ಶಾಂತರಾಜು ಮಂಡಿಯ ವಾಡಿಕೆಯಂತೆ ತಕ್ಕಡಿಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದ. ಆ ಆಣೆಗೆ ಯಾರೂ ಎದುರಾಡುವಂತಿಲ್ಲ. ವಸಿಷ್ಠರು ಮಾತ್ರ, "ಕಳ್ಳನ ಕೈ ಎಲ್ಲಿಟ್ಟರೂ ಕಳ್ಳನದೇ," ಎಂದು ನಕ್ಕು ಹೊರಗಟ್ಟಿದರು. ಅಲ್ಲೇ ಮೂಟೆ ಹೊರುತ್ತಿದ್ದ ಶಾಂತರಾಜುವಿನ ಅಪ್ಪ ಲಕ್ಕಯ್ಯ, ಮಗನನ್ನು ಕಳ್ಳನೆಂದದ್ದು ತಾಳದೆ ಹೆಗಲ ವಸ್ತ್ರ ಕೊಡವಿ ತನ್ನೂರು ಹರದನಹಳ್ಳಿಗೆ ಹೋದವನು ಮತ್ತೆ ಮಂಡಿಗೆ ಮುಖ ಹಾಕಲಿಲ್ಲ.

ಶಾಂತರಾಜು ರಿಪೇರಿ ಅಂಗಡಿ ಸೇರಿದ. ಅಲ್ಲಿಗೆ ಇಂಥದ್ದೇ ಇನ್ನೊಂದು ಯಂತ್ರ ಬಂದಾಗ ರೋಗ ತಿಳಿಯಿತು. ಪ್ರೊಸೆಸರ್ ಹೊಸ ಅಂಕಿಯನ್ನು ಮೊದಲು ಪಕ್ಕದ ತಾತ್ಕಾಲಿಕ ನೆನಪಿನ ಪುಟ್ಟ ಗೂಡಾದ ಕ್ಯಾಶ್‌ನಲ್ಲಿ ಇಟ್ಟುಕೊಂಡು, ಬಿಡುವಾದಾಗ ಮೆಮೊರಿಗೆ ಬರೆಯುತ್ತದೆ. ಅದನ್ನು ನೋಡಿಕೊಳ್ಳುವ ಕಂಟ್ರೋಲರನ್ನು ಹೊಂದಿಸಿದವರೇ ಎಡವಿದ್ದರು. ಕೆಲಸ ಜೋರಾದರೆ ಹೊಸ ಅಂಕಿ ಕಳೆದು, ಹಿಂದಿನ ರೈತನದೇ ಉಳಿಯುತ್ತಿತ್ತು. ಅವನು ಬಾಯಿ ಬಿಡಲಿಲ್ಲ. ವಸಿಷ್ಠರೇ ಕರೆಸಲೆಂದು ಕಾದ. ಇವತ್ತು ಕರೆಸಿದ್ದರು.

"ಬೇಗ ಮಾಡಪ್ಪ. ಆಪರೇಟರ್ ಬಿಟ್ಟುಹೋದ, ಈಗ ನಾನೇ ಒತ್ತುತಾ ಇದೀನಿ," ಎಂದರು ವಸಿಷ್ಠ, ಬೆವರು ಒರೆಸಿಕೊಳ್ಳುತ್ತ.

ಕಿಟಕಿಯಾಚೆ ಗೊರೂರಿನ ಮುದ್ದಮ್ಮ ಅಬ್ಬರಿಸಿದಳು: "ಇಪ್ಪತ್ತು ಮೂಟೆ ತಂದೋಳ್ಗೆ ಏಳು ಮೂಟೆ ತೂಕ ತೋರ್ಸ್ತೈತಲ್ಲ ಸ್ವಾಮಿ, ಮಿಕ್ಕಿದ್ದು ನಿಮ್ಮನೆ ಸಾರಿಗಾಯ್ತಾ?"

"ಯಂತ್ರದ ತಪ್ಪು ಕಣಮ್ಮ!" ಎಂದು ವಸಿಷ್ಠರು ಕೂಗಿದರು.

"ಯಂತ್ರ ಸುಳ್ಳು ಯೋಳ್ತದಾ ಸಾ?" ಶಾಂತರಾಜು ಸ್ಕ್ರೂಡ್ರೈವರ್ ಕೆಳಗಿಟ್ಟ. "ತಕ್ಕಡಿ ಮೇಲೆ ಕೈಯಿಟ್ಟು ಆಣೆ ಮಾಡಿ. ಆಮೇಲೆ ಸರಿ ಮಾಡ್ತೀನಿ."

ವಸಿಷ್ಠರು ಅವನ ಮುಖ ನೋಡಿದರು, ಹೊರಗಿನ ಜನರನ್ನು ನೋಡಿದರು. ಮೆಟ್ಟಿಲಿಳಿದು, ಬಿಸಿಲಿಗೆ ಕಾದ ತಕ್ಕಡಿಯ ಕಬ್ಬಿಣದ ಹಲಗೆಯ ಮೇಲೆ ಅಂಗೈ ಊರಿದರು.

"ಕಳ್ಳನ ಕೈ ಎಲ್ಲಿಟ್ರೂ ಕಳ್ಳಂದೇ ಅಲ್ವರಾ ಸಾ?" ಹಮಾಲಿ ಮಂಚಯ್ಯ ಮೂಟೆಯ ಮರೆಯಿಂದ ಕೂಗಿದ. ಮಂಡಿಗೆ ಮಂಡಿಯೇ ನಕ್ಕಿತು.

ಆ ನಗು ತಾನಾಗಿ ಆರುವವರೆಗೂ ಶಾಂತರಾಜು ಕೈಕಟ್ಟಿ ನಿಂತಿದ್ದ. ಹೊಟ್ಟೆ ತಣ್ಣಗಾಯಿತು. ಆಮೇಲೆ ಒಳಗೆ ಹೋಗಿ, ಅಂಕಿ ಬಂದ ಕೂಡಲೇ ಕ್ಯಾಶ್‌ಗೂ ಮೆಮೊರಿಗೂ ಒಟ್ಟಿಗೇ ಬರೆಯುವಂತೆ ಕಂಟ್ರೋಲರನ್ನು ಹೊಂದಿಸಿದ. ಯಂತ್ರ ನಿಧಾನವಾಯಿತು, ಆದರೆ ಮತ್ತೆ ಒತ್ತಿದ ಮುದ್ದಮ್ಮನ ಇಪ್ಪತ್ತು ಮೂಟೆಯ ತೂಕ ಎಷ್ಟು ಸಲ ತೆಗೆದರೂ ಕದಲಲಿಲ್ಲ.

"ಯಾರೂ ತಿಂದಿಲ್ಲ ಕಣವ್ವಾ. ಅವತ್ತೂ ತಿಂದಿರ್ಲಿಲ್ಲ," ಎಂದ ಕಿಟಕಿಯತ್ತ ತಿರುಗಿ.

ವಸಿಷ್ಠರು ಕೆಂಪಾದ ಅಂಗೈ ಉಜ್ಜಿಕೊಂಡು ಕುರ್ಚಿಗೆ ಕುಸಿದರು. "ತೀರಿತಲ್ಲಪ್ಪ ನಿನ್ನ ಬಾಕಿ?"

"ನಂದು ತೀರ್ತು ಸಾ. ಅಪ್ಪಂದು ಐತೆ. ಅರದನಳ್ಳಿ ಬಸ್ಸು ಗೇಟ್ ತಾವ್ಲೇ ನಿಂತೈತೆ, ಬತ್ತೀರಾ?"

ಬಸ್ಸು ಹಾರನ್ ಹೊಡೆಯಿತು. ವಸಿಷ್ಠರು ಏಳಲಿಲ್ಲ.