ಬ್ಯಾಡ ಅನ್ನುವ ಚಿತ್ರ

"ಹಂಗಲ್ರಿ ರತ್ನಮಾಲಾಬಾಯಿ, ಜರಾ ಜೋರ್ ಅನ್ರಿ. ನಿಮಗ ಖರೇನೇ ಬ್ಯಾಡಾಗ್ಯದ ಅನ್ನೋಹಂಗ ಅನ್ರಿ."

ರತ್ನಮಾಲಾ ಸೆರಗಿನಿಂದ ತುಟಿ ಒರೆಸಿಕೊಂಡು ಟ್ಯಾಬಿನತ್ತ ಬಗ್ಗಿ ಇನ್ನೊಮ್ಮೆ "ಬ್ಯಾಡ" ಎಂದಳು. ಮಂದಿಯ ಮನೆಯಲ್ಲಿ ಎರಡನೇ ಸಲ ಚಹಾ ಕೊಡಲು ಬಂದಾಗ ಅನ್ನುವಂಥ ಬ್ಯಾಡ ಅದು. ಅಂದವಳಿಗೂ ನಂಬಿಕೆಯಿಲ್ಲ, ಕೇಳಿದವರಿಗೂ ಇಲ್ಲ. ಪಾಪ, ಅವಳಾದರೂ ಏನು ಮಾಡಿಯಾಳು? ಆ ಮಾತನ್ನು ಗಟ್ಟಿಯಾಗಿ ಅನ್ನುವ ಪ್ರಸಂಗ ಅವಳ ಬಾಳಿನಲ್ಲಿ ಬಂದದ್ದೇ ಕಡಿಮೆ. ನೀರು, ರೊಟ್ಟಿ, ಅವ್ವ, ಅಪ್ಪ, ಮನಿ, ಕಾಲು ಎಲ್ಲ ಒಂದೇ ಏಟಿಗೆ ಬಂದಿದ್ದವು. ಇದೊಂದು ಮಾತ್ರ ಗಂಟಲಲ್ಲೇ ಕೂತಿತ್ತು. ರಾಜೇಶ್ವರಿ ಟೀಚರ್ ತಪ್ಪಾದ ದನಿಯನ್ನು ಅಳಿಸಿ ಅಳಿಸಿ ಮತ್ತೆ ಹೇಳಿಸುತ್ತಿದ್ದರು.

ಕೊನೆಗೊಮ್ಮೆ ಅದು ಎಲ್ಲಿಂದಲೋ ಕಿತ್ತುಕೊಂಡು ಬಂತು. ಶಾಲೆಯಲ್ಲಿ ಪಕ್ಕದ ಖೋಲಿಯ ಮಕ್ಕಳು ಬಾಗಿಲಿಗೆ ಬಂದು ಇಣುಕಿದರು.

"ಇಷ್ಟ್ ದಿನಾ ಈ ದನಿ ಎಲ್ಲಿ ಇಟ್ಟಿದ್ರಿ?" ಎಂದು ರಾಜೇಶ್ವರಿ ನಕ್ಕರು. ರತ್ನಮಾಲಾಳೂ ನಾಚಿಕೊಂಡು ನಕ್ಕಳು.

ಈ ದನಿಯೆಲ್ಲ ಅವಳ ಮಗಳು ಧನಶ್ರೀಗಾಗಿ. ಒಂಬತ್ತು ವರ್ಷದ ಹುಡುಗಿ. ಕಿವಿ ಚುರುಕು, ಕಾಲು ಅದಕ್ಕಿಂತ ಚುರುಕು, ಮಾತು ಮಾತ್ರ ಹುಟ್ಟಿನಿಂದ ಇಲ್ಲ. ಟ್ಯಾಬಿನಲ್ಲಿ ಚಿತ್ರಗಳಿದ್ದವು. ಚಿತ್ರ ಒತ್ತಿದರೆ ಅದು ಅವಳ ಪರವಾಗಿ ಮಾತಾಡುತ್ತಿತ್ತು. ಮೊದಲು ಅದರೊಳಗೆ ಯಾವುದೋ ಪಟ್ಟಣದ ಹುಡುಗಿಯ ಪುಸ್ತಕದ ಕನ್ನಡವಿತ್ತು. "ನನಗೆ ನೀರು ಬೇಕು" ಎಂದು ಅದು ಉಲಿದ ದಿನ ಧನಶ್ರೀ ಬೆದರಿ ಟ್ಯಾಬನ್ನು ದೂರ ತಳ್ಳಿದ್ದಳು. ತಾಯಿಯ ದನಿಯಾದರೆ ಒಗ್ಗೀತು ಎಂದು ಯೋಚಿಸಿದವರು ರಾಜೇಶ್ವರಿ. ಅವರು ಬಸವಕಲ್ಯಾಣದವರು. ಇಂಥ ಮಕ್ಕಳಿಗೆ ಕಲಿಸಲೆಂದೇ ಸುತ್ತಲಿನ ಹಲವು ಶಾಲೆಗಳಿಗೆ ತಿರುಗುತ್ತಿದ್ದರು. ಹುಮನಾಬಾದ್ ರಸ್ತೆಯ ಮಗ್ಗುಲಿನ ಈ ಊರಿಗೆ ಮಂಗಳವಾರ ಮತ್ತು ಶುಕ್ರವಾರ ಬರುತ್ತಿದ್ದರು. ಶಾಲೆ ಧನಶ್ರೀಯನ್ನು ಒಳಗೆ ಕೂರಿಸಿಕೊಳ್ಳುತ್ತಿದ್ದುದೂ ಆ ಎರಡು ದಿನ ಮಾತ್ರ.

ಉಳಿದ ದಿನಗಳ ಮಾತನ್ನು ಯಾರೂ ಕೇಳಿರಲಿಲ್ಲ, ರತ್ನಮಾಲಾ ಹೇಳಿರಲೂ ಇಲ್ಲ. ಗಂಡ ದೇವಿದಾಸ ಹುಮನಾಬಾದಿನಲ್ಲಿ ಹಮಾಲಿ. ಮೊದಲ ಬಸ್ಸಿಗೆ ಹೋದರೆ ದೀಪ ಹಚ್ಚಿದ ಮೇಲೆ ಬರುವವನು. ಅವಳು ಹೊಲದ ಕೂಲಿಗೆ ಹೋಗಲೇಬೇಕು. ಓಣಿಯ ಹೆಂಗಸರೆಲ್ಲ ಅವಳ ಜೊತೆಗೇ ಹೋಗುವವರು. ಹಾಗಾಗಿ ಹಳೆಯ ನೂಲಿನ ಸೀರೆಯನ್ನು ಹರಿದು, ಮೆತ್ತಗೆ ಹೊಸೆದು, ಒಂದು ತುದಿ ನಡುಮನೆಯ ಕಂಬಕ್ಕೆ, ಇನ್ನೊಂದು ತುದಿ ಮಗಳ ಕಾಲಿಗೆ ಕಟ್ಟುತ್ತಿದ್ದಳು. ನೀರಿನ ಕೊಡದವರೆಗೆ ಹೋಗಿ ಬರುವಷ್ಟು ಉದ್ದ ಬಿಡುತ್ತಿದ್ದಳು. ಕಟ್ಟುವಾಗ ಪ್ರತಿ ಸಲ ಮುಖ ಆಚೆ ತಿರುಗಿಸುತ್ತಿದ್ದಳು. ಸಂಕಟವೆಂದು ಕಟ್ಟದೆ ಬಿಟ್ಟಿದ್ದಿಲ್ಲ.

ಶ್ರಾವಣದ ಒಂದು ಶುಕ್ರವಾರ ಟ್ಯಾಬಿನ ಪಾಠ ನೋಡಲು ತಾಲೂಕಿನಿಂದ ಸಾಹೇಬರು ಬಂದರು. ಹೆಡ್ ಮಾಸ್ತರ ತುಳಜಾರಾಮ ಸರ್ ಊರಿನ ನಾಲ್ಕು ಜನರನ್ನು ಕರೆಸಿದ್ದರು. ರತ್ನಮಾಲಾ ಅವತ್ತು ಕೂಲಿ ಬಿಟ್ಟು, ಮಗಳಿಗೆ ಎಣ್ಣೆ ಹಚ್ಚಿ ತಲೆ ಬಾಚಿ, ತಾನೂ ಎತ್ತಿಟ್ಟ ಸೀರೆ ಉಟ್ಟು ಬಂದು ಬಾಗಿಲ ಬಳಿ ನಿಂತಳು.

"ಧನೂ, ನಿನಗ ಏನ್ ಬೇಕವ್ವಾ?" ಎಂದು ರಾಜೇಶ್ವರಿ ಕೇಳಿದರು. ಧನಶ್ರೀ ಚಿತ್ರ ಒತ್ತಿದಳು. "ನೀರು" ಎಂದಿತು ಟ್ಯಾಬು, ಥೇಟು ರತ್ನಮಾಲಾಳ ದನಿಯಲ್ಲಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರು ಖುಷಿಯಾಗಿ ಮೊಬೈಲು ತೆಗೆದು ವಿಡಿಯೊ ಹಿಡಿದರು. "ಇನ್ನಾ ಏನರ ಕೇಳ್ರಿ ಮೇಡಂ."

ರಾಜೇಶ್ವರಿಗೂ ಹುರುಪು ಬಂತು. ಹುರುಪಿನಲ್ಲಿ, ಎಂದೂ ಕೇಳದ ಪ್ರಶ್ನೆಯನ್ನು ಕೇಳಿಬಿಟ್ಟರು.

"ಮನ್ಯಾಗ ಏನ್ ಮಾಡ್ತೀ, ಹೇಳು ನೋಡೋಣ?"

ಧನಶ್ರೀ ಚಿತ್ರಗಳ ಮೇಲೆ ಬೆರಳಾಡಿಸಿದಳು. ಹುಡುಕಿ ಹುಡುಕಿ ಒತ್ತಿದಳು.

"ಮನಿ. ಅವ್ವ. ಕಾಲು. ಬ್ಯಾಡ."

ಯಾರಿಗೂ ತಿಳಿಯಲಿಲ್ಲ. ಅವಳು ಮತ್ತೆ ಒತ್ತಿದಳು. "ಅವ್ವ. ಕಾಲು. ಬ್ಯಾಡ. ಬ್ಯಾಡ."

"ಕಾಲಿಗಿ ಏನಾಗ್ಯದ?" ಎಂದು ಸಾಹೇಬರು ಕೇಳಿದರು. ರಾಜೇಶ್ವರಿ ಬಗ್ಗಿ ಹುಡುಗಿಯ ಪೈಜಾಮವನ್ನು ಮೇಲೆತ್ತಿದರು. ಕಾಲಿನ ಹರಡಿನ ಸುತ್ತ ಚರ್ಮ ಉಜ್ಜಿ ಉಜ್ಜಿ ಕಪ್ಪಾಗಿ ಬಳೆಯಂತೆ ಗುರುತು ಬಿದ್ದಿತ್ತು. ಸಾಹೇಬರು ಮೊಬೈಲನ್ನು ಕೆಳಗಿಳಿಸಿದರು.

ಮಗಳಿಂದ ಒಂದು ಮಾತು ಬರಲೆಂದು ರತ್ನಮಾಲಾ ಹರಕೆ ಹೊರದ ಜಾಗವಿಲ್ಲ. ಮಾತು ಬಂತು. ಊರವರ ಮುಂದೆ, ತನ್ನದೇ ದನಿಯಲ್ಲಿ, ತನ್ನ ಮೇಲೆಯೇ ಬಂತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ.

"ಕೂಸಿಗಿ ಹಗ್ಗ ಕಟ್ತೀ ಏನು? ದನಾನ ಅದು?" ಸಾಹೇಬರ ದನಿ ಏರಿತು.

"ದನಾ ತಪ್ಪಿಸ್ಕೊಂಡ್ರ ಯಾರರ ಹಿಡದ್ ತಂದ್ ಕಟ್ತಾರ್ರಿ ಸಾಹೇಬ್ರ," ರತ್ನಮಾಲಾ ನೆಲ ನೋಡುತ್ತಲೇ ಅಂದಳು. "ಈಕಿಗಿ ಯಾರ ಹಿಡೀತಾರ? ಹ್ವಾದ ವರ್ಷ ದೊಡ್ಡ ರಸ್ತಾಕ್ಕ ಹೋಗಿ ಲಾರಿ ಮುಂದ ಕುಂತಿದ್ಲು. ಡ್ರೈವರ್ ಬ್ರೇಕ್ ಹೊಡದಾ ಅಂತ ಇವತ್ತ ನಿಮ್ಮ ಮುಂದ ಅದಾಳ." ಆಮೇಲೆ ತುಳಜಾರಾಮ ಸರ್ ಕಡೆ ತಿರುಗಿದಳು. "ದಿನಾ ಸಾಲ್ಯಾಗ ಇಟ್ಕೋರಿ ಸರ್. ಮೂಲ್ಯಾಗ ಕೂಡಸ್ರಿ. ನನ್ನ ಮಗಳ ಆಣಿ, ನಾ ಕಟ್ಟಂಗಿಲ್ಲ."

"ಐದು ವರ್ಗಕ್ಕ ನಾವು ಇಬ್ಬರ ಅದೀವಿ. ಗೇಟ್ ದಾಟಿ ಹೋದ್ಲು ಅಂದ್ರ ಜಿಮ್ಮೇದಾರ್ ಯಾರು? ಮೇಡಂ ಬಂದ ದಿನ ಕಳಸ್ರಿ, ನಾ ಏನರ ಅಂತೀನೇನು?" ಎಂದರು ತುಳಜಾರಾಮ ಸರ್.

ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಅದೇ ಕಷ್ಟ. ಕೊನೆಗೆ ಸಾಹೇಬರಿಗೇ ಒಂದು ಉಪಾಯ ಹೊಳೆಯಿತು. "ಟ್ಯಾಬ್ ಮನಿಗಿ ಕೊಟ್ಟ್ ಬಿಡ್ರಿ. ಕೈಯಾಗ ಅದು ಇತ್ತಂದ್ರ ಹುಡುಗಿ ಕುಂತಲ್ಲೇ ಕೂಡ್ತದ. ಮತ್ತ ನೋಡಮ್ಮ, ಇನ್ನೊಮ್ಮಿ ಕಟ್ಟಿದ್ದು ಕೇಳಿದೆ ಅಂದ್ರ ಬೀದರ ಹಾಸ್ಟೆಲಿಗಿ ಹಾಕಿಸ್ತೀನಿ. ಆಮ್ಯಾಲ ಮಗಳಿಗಿ ನೋಡ್ಲಿಕ್ಕೂ ಸಿಗಂಗಿಲ್ಲ."

ಮೂಗಿಗೆ ತುಪ್ಪ ಸವರುವುದೆಂದರೆ ಇದೇ. ಕಾಯುವವರು ಬೇಕೆಂದು ಕೇಳಿದವಳಿಗೆ ಕಾಯುವ ವಸ್ತು ಕೊಟ್ಟು ಎಲ್ಲರೂ ಹಗುರಾದರು.

ಬಸ್ಸು ಕಾಯುತ್ತಿದ್ದ ರಾಜೇಶ್ವರಿ, ಮಗಳ ಕೈಹಿಡಿದು ಹೊರಟ ರತ್ನಮಾಲಾಳನ್ನು ನಿಲ್ಲಿಸಿದರು. "ತಪ್ಪು ನಂದೇ ಅದ. ಮಂದಿ ಮುಂದ ಹಂಗ್ ಕೇಳಬಾರ್ದಿತ್ತು."

"ನೀವು ಮಾತು ಕಲಿಸಿದ್ರಿ, ಆಕಿ ಆಡಿದ್ಲು. ಅದ್ರಾಗ ತಪ್ಪೇನದ್ರಿ ಮೇಡಂ," ಎಂದಳು ರತ್ನಮಾಲಾ. ಆದರೆ ಅವರ ಮುಖ ನೋಡಲಿಲ್ಲ.

"ಮುಂದಿನ ವಾರ ನಮಗ ಟ್ರೇನಿಂಗ್ ಹಾಕ್ಯಾರ. ಬರ್ಲಿಕ್ಕಾಗಂಗಿಲ್ಲ," ರಾಜೇಶ್ವರಿ ತಡವರಿಸಿದರು. "ಒಂದ್ ವಾರ ಹ್ಯಾಂಗರ ಸಂಭಾಳಿಸ್ರಿ."

ಅವತ್ತು ಸಂಜೆ ಮನೆಯಲ್ಲಿ ಮಾತ್ರ ಬೇರೆಯದೇ ಒಂದು ನಡೆಯಿತು. ಧನಶ್ರೀ ಗೋಡೆಗೆ ಒರಗಿ ಕೂತು "ನೀರು" ಒತ್ತಿದಳು. ರತ್ನಮಾಲಾ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿ ನೀರು ಕೊಟ್ಟಳು. "ರೊಟ್ಟಿ" ಅಂದಿತು, ರೊಟ್ಟಿ ಕೊಟ್ಟಳು. "ಅವ್ವ" ಅಂದಿತು. ಓಡಿ ಬಂದು ನೋಡಿದರೆ ಹುಡುಗಿಗೆ ಏನೂ ಬೇಕಾಗಿರಲಿಲ್ಲ, ಕರೆದಿದ್ದಳು ಅಷ್ಟೆ. ರತ್ನಮಾಲಾ ಅಲ್ಲೇ ಕುಕ್ಕರಿಸಿ ಮಗಳ ತಲೆಯನ್ನು ಎದೆಗವಚಿಕೊಂಡು ಅತ್ತಳು. ಹಗಲಿನ ಅವಮಾನವೆಲ್ಲ ಆ ಒಂದು ಕರೆಗೆ ತೊಳೆದು ಹೋಯಿತು.

ಊರೊಳಗೇ ಸುದ್ದಿ ತಿಳಿದಿದ್ದ ದೇವಿದಾಸ ಬಂದವನೇ ಕೇಳಿದ, "ಅಪ್ಪ ಅಂದ್ಲೇನು?"

"ಇನ್ನಾ ಇಲ್ಲ. ಅಂತಾಳ."

"ಇನ್ನ ಕಟ್ಟಬ್ಯಾಡ ಅಕಿಗಿ," ಎಂದ ಅವನು ಬೂಟು ಬಿಚ್ಚುತ್ತ. ಹೇಳುವವರಿಗೆ ಏನು, ಸಲೀಸು. ಅವನೂ ನಾಳೆ ಮೊದಲ ಬಸ್ಸಿಗೆ ಹೋಗುವವನೇ. ಆದರೂ ರತ್ನಮಾಲಾ, "ಇಲ್ಲ, ಕಟ್ಟಂಗಿಲ್ಲ," ಎಂದಳು. ಮನಸಾರೆ ಎಂದಳು.

ಮಾತಿಗೆ ತಪ್ಪಲಿಲ್ಲ. ಶನಿವಾರ ಮಗಳನ್ನು ಹೊಲಕ್ಕೇ ಕರೆದೊಯ್ದಳು. ಹೆಸರುಕಾಯಿ ಬಿಡಿಸುವ ದಿನಗಳವು. ಧನಶ್ರೀ ಬದುವಿನ ಮೇಲೆ ಟ್ಯಾಬು ಹಿಡಿದು ಒಂದು ಗಳಿಗೆ ಕೂತಳು. ಆಮೇಲೆ ಅದನ್ನು ಬಿಸಾಡಿ ಓಡಿದಳು. ಅವಳ ಹಿಂದೆ ಓಡಿ ಓಡಿ ರತ್ನಮಾಲಾಳ ಚೀಲ ಅರ್ಧವೂ ತುಂಬಲಿಲ್ಲ. ಹೊಲದ ಮಾಲೀಕ, ಬಾವಿಯ ದಂಡೆಯಲ್ಲಿ ಹುಡುಗಿಯನ್ನು ಹಿಡಿದು ತಂದು, ಇನ್ನು ಮೇಲೆ ಇವಳನ್ನು ತರಬೇಡ ಎಂದ. ರವಿವಾರ ಕೂಲಿಯಿರಲಿಲ್ಲ. ಸೋಮವಾರ ರತ್ನಮಾಲಾ ಮನೆಯಲ್ಲೇ ಉಳಿದಳು. ಮಂಗಳವಾರವೂ ಉಳಿದಳು. ಸಂಜೆ ಸುಮನಬಾಯಿ ಬಾಗಿಲಿಗೆ ಬಂದಳು. ಕೂಲಿಯ ಹೆಂಗಸರನ್ನು ಕೂಡಿಸಿ ಕರೆದೊಯ್ಯುವವಳು ಅವಳೇ. ಕೆಟ್ಟವಳಲ್ಲ.

"ನಾಳಿನೂ ಬರ್ಲಿಲ್ಲಂದ್ರ ನಿನ್ನ ಜಾಗಾಕ್ಕ ಬ್ಯಾರೆದಾಕಿಗಿ ತಗೋತೀನವ್ವ. ಸುಗ್ಗಿ ತನಕಾ ಅಕಿನೇ ಇರ್ತಾಳ. ಆಮ್ಯಾಲ ನನಗ ಅನಬ್ಯಾಡ."

ಬುಧವಾರ ಬೆಳಿಗ್ಗೆ ದೇವಿದಾಸ ಹೋದ ಮೇಲೆ ರತ್ನಮಾಲಾ ರೊಟ್ಟಿಯ ಗಂಟು ಕಟ್ಟಿದಳು, ಕೊಡ ತುಂಬಿಸಿದಳು. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಹೋದರೆ? ಆ ತಗಡಿನ ಬಾಗಿಲನ್ನು ಧನಶ್ರೀ ಹಿಂದೊಮ್ಮೆ ಒದ್ದು ಬೀಳಿಸಿದ್ದಳು. ಓಣಿಯ ತುದಿಯಲ್ಲಿ, ಕೂಲಿಯವರನ್ನು ಹೊಲಕ್ಕೆ ಒಯ್ಯುವ ಬಿಲಾಲ್‌ನ ಟಂಟಂ ಆಟೋದ ಹಾರ್ನ್ ಕೇಳಿಸಿತು. ಹೆಂಗಸರು ಒಬ್ಬೊಬ್ಬರೇ ಹತ್ತುತ್ತಿದ್ದರು.

ಅವಳು ಮೂಲೆಯ ಅರಿವೆ ಗಂಟಿನೊಳಗಿಂದ ಸೀರೆಯ ಪಟ್ಟಿಯನ್ನು ತೆಗೆದಳು.

"ಬ್ಯಾಡ," ಎಂದಿತು ಟ್ಯಾಬು.

ತನ್ನದೇ ಗಂಟಲು. ಅವತ್ತು ಟೀಚರ್ ಮತ್ತೆ ಮತ್ತೆ ಹೇಳಿಸಿ ಹೊರಗೆಳೆದ ಆ ಗಟ್ಟಿ ದನಿ. ರತ್ನಮಾಲಾ ಕಂಬಕ್ಕೆ ಒಂದು ತುದಿ ಬಿಗಿದಳು. "ಬ್ಯಾಡ. ಬ್ಯಾಡ." ಹುಡುಗಿ ಅಳುತ್ತಿರಲಿಲ್ಲ. ಮಾತು ಕಲಿತವರು ಅಳುವುದೇಕೆ ಅನ್ನುವಂತೆ ತಾಯಿಯ ಮುಖ ನೋಡುತ್ತ ಒತ್ತುತ್ತಿದ್ದಳು.

"ಬ್ಯಾಡ ಅಂದ್ರ ನಾ ಏನ್ ಮಾಡ್ಲೇ ನನ್ನವ್ವ. ನನಗೂ ಬ್ಯಾಡೇ ಅದ," ಎಂದಳು ರತ್ನಮಾಲಾ. ಟ್ಯಾಬನ್ನು ಕಿತ್ತು ಗೋಡೆಯ ಗೂಡಿನಲ್ಲಿಟ್ಟಳು. ಧನಶ್ರೀ ಚೀರಿ ಹಣೆಯನ್ನು ನೆಲಕ್ಕೆ ಬಡಿಯತೊಡಗಿದಳು. ರತ್ನಮಾಲಾ ಹೆದರಿ ಅದನ್ನು ಮತ್ತೆ ಅವಳ ಕೈಗೆ ಕೊಟ್ಟಳು. "ಬ್ಯಾಡ," ಎಂದಿತು. ಟಂಟಂ ಇನ್ನೊಮ್ಮೆ ಹಾರ್ನ್ ಹೊಡೆಯಿತು. "ರತ್ನಮಾಲಾ, ಬರ್ತಿಯೋ ಇಲ್ಲೋ?" ಎಂದು ಸುಮನಬಾಯಿ ಕೂಗಿದಳು.

ರತ್ನಮಾಲಾ ಮಗಳ ಪಕ್ಕದಲ್ಲಿ ಕೂತಳು. ಬ್ಯಾಡ ಅನ್ನುವ, ಅಡ್ಡ ಗೆರೆ ಹೊಡೆದ ಅಂಗೈಯ ಚಿತ್ರದ ಮೇಲೆ ಬೆರಳಿಟ್ಟು, ತಪ್ಪಾದ ದನಿ ಅಳಿಸಲು ಟೀಚರ್ ಮಾಡುತ್ತಿದ್ದಂತೆಯೇ ತುಸು ಹೊತ್ತು ಒತ್ತಿ ಹಿಡಿದಳು. ಸಣ್ಣದೊಂದು ಕಸದ ಬುಟ್ಟಿ ಮೂಡಿತು. ಅದನ್ನೂ ಒತ್ತಿದಳು.

ಧನಶ್ರೀ ಆ ಚಿತ್ರವನ್ನು ಒತ್ತಿದಳು. ಏನೂ ಕೇಳಿಸಲಿಲ್ಲ. ಇನ್ನಷ್ಟು ಗಟ್ಟಿಯಾಗಿ ಒತ್ತಿದಳು. ಟ್ಯಾಬನ್ನು ಕಿವಿಗೆ ಹಿಡಿದಳು. ಆಮೇಲೆ ತಲೆಯೆತ್ತಿ, ದನಿ ಅಲ್ಲಿಂದಲಾದರೂ ಬಂದೀತೆಂದು ತಾಯಿಯ ಬಾಯಿಯನ್ನೇ ನೋಡಿದಳು. ರತ್ನಮಾಲಾ ತುಟಿ ಬಿಗಿಹಿಡಿದು ಕೂತಿದ್ದಳು.

ಸ್ವಲ್ಪ ಹೊತ್ತಾದ ಮೇಲೆ ಹುಡುಗಿ ಟ್ಯಾಬನ್ನು ಗೋಡೆಯ ಬದಿಗೆ ಸರಿಸಿದಳು. ಪೈಜಾಮವನ್ನು ತಾನೇ ಮೇಲೆತ್ತಿಕೊಂಡು, ಕಂಬದ ಕಡೆಗೆ ಕಾಲು ಚಾಚಿ ಕೂತಳು.