ಪಟ್ಟಿಯ ಕೆಳಗೆ

ನಮ್ಮ ಶಾಲೆಯ ಲೈಬ್ರರಿ ಅಂದರೆ ಹಿಂದೆ ಅಕ್ಕಿ ಮೂಟೆ ಇಡುತ್ತಿದ್ದ ಕೋಣೆ. ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು ಬಂದು ಚಾಪೆಯ ಮೇಲೆ ಕೂರುತ್ತವೆ, ನಾನು ಚಿತ್ರದ ಪುಸ್ತಕ ಎತ್ತಿ ಹಿಡಿದು ಓದುತ್ತೇನೆ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಪುಸ್ತಕಗಳು ಮನಿಲಾದಿಂದ ಪೆಟ್ಟಿಗೆಗಳಲ್ಲಿ ಬರುತ್ತವೆ, ಅಲ್ಲಿಯವರ ತಗಾಲೊಗ್ ಭಾಷೆಯಲ್ಲಿ. ನಮ್ಮ ದ್ವೀಪದ ಮಕ್ಕಳ ಬಾಯಲ್ಲಿ ಇರುವುದು ವಾರಾಯ್. ಅದಕ್ಕೇ ನಾನು ಬಿಳಿ ಕಾಗದದ ಪಟ್ಟಿಗಳನ್ನು ಕತ್ತರಿಸಿ, ನಮ್ಮ ಮಾತಿನಲ್ಲಿ ದುಂಡಗೆ ಬರೆದು, ಮರಗೆಣಸಿನ ಗಂಜಿ ಸವರಿ ಅಚ್ಚಿನ ಸಾಲುಗಳ ಮೇಲೆ ಅಂಟಿಸುತ್ತೇನೆ. ತಪಾಸಣೆಗೆ ಬಂದ ಸಾಹೇಬರೊಬ್ಬರು "ಪುಸ್ತಕ ಹಾಳು ಮಾಡ್ತಿದ್ದೀರಲ್ಲ ಮೇಡಂ" ಅಂದಿದ್ದರು. "ಅರ್ಥವಾಗದ ಪುಸ್ತಕ ಚೆನ್ನಾಗಿದ್ದು ಏನು ಸುಖ?" ಅಂತ ನಾನೂ ಬಿಡಲಿಲ್ಲ. ನನ್ನ ಪಟ್ಟಿಗಳ ಬಗ್ಗೆ ನನಗೆ ಅಷ್ಟು ಜಂಬ.

ಆ ನವೆಂಬರಿನ ಬಿರುಗಾಳಿಗೆ ಸಿಕ್ಕ ಮೂರು ದೋಣಿಗಳಲ್ಲಿ ಎರಡು ಹೇಗೋ ದಡ ಸೇರಿದವು. ನೆಸ್ತೋರನ ದೋಣಿ ಬರಲಿಲ್ಲ. ಅದರ ನೀಲಿ ಹಲಗೆಯೊಂದು ಪಕ್ಕದ ದ್ವೀಪದಲ್ಲಿ ಸಿಕ್ಕಿತು, ಅಷ್ಟೇ. ಅವನ ಮಗಳು ಜೆರ್ಲಿನ್ ಮೂರನೇ ಕ್ಲಾಸು. ತಾಯಿ ಹೆರಿಗೆಯಲ್ಲೇ ಹೋದವಳು. ಈಗ ಅವಳಿಗೆ ಉಳಿದದ್ದು ಅಜ್ಜಿ ಬಸಿಲಿಯಾ ಒಬ್ಬಳೇ.

ಹನ್ನೊಂದು ದಿನದ ಮೇಲೆ ಜೆರ್ಲಿನ್ ಶಾಲೆಗೆ ಬಂದಳು. ಅವತ್ತು ಗುರುವಾರ, ಅವರ ಕ್ಲಾಸಿನ ಲೈಬ್ರರಿ ಸರದಿ. ಸೀದಾ ಕಪಾಟಿಗೆ ಹೋಗಿ ಒಂದು ಹೊಸ ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟಳು. ಮುಖಪುಟದಲ್ಲಿ ನೀಲಿ ದೋಣಿ.

"ಇದು ಓದಿ ಮೇಡಂ."

ಆ ಪುಸ್ತಕಕ್ಕೆ ಪಟ್ಟಿ ಅಂಟಿಸಿದವಳು ನಾನೇ, ಕತೆ ನನಗೆ ಗೊತ್ತಿತ್ತು. ಒಬ್ಬ ಹುಡುಗಿ ದಿನಾ ಸಂಜೆ ದಡದಲ್ಲಿ ದೀಪ ಹಚ್ಚಿಡುತ್ತಾಳೆ, ಅದನ್ನು ನೋಡಿಕೊಂಡು ಅಪ್ಪನ ದೋಣಿ ಬರುತ್ತದೆ. ಕೊನೆಯ ಪುಟದಲ್ಲಿ ದೋಣಿ ಬರುವುದಿಲ್ಲ. ಬೇರೆ ಪುಸ್ತಕ ಓದೋಣ ಅನ್ನಬಹುದಿತ್ತು. ಆದರೆ ಹನ್ನೊಂದು ದಿನ ಬಾಯಿ ಬಿಡದ ಮಗು ಬಾಯಿ ಬಿಟ್ಟು ಕೇಳಿತ್ತು. ಓದಿದೆ. ಕೊನೆಯ ಪುಟಕ್ಕೆ ಬಂದಾಗ, ಪಟ್ಟಿಯ ಮೇಲೆ ನಾನೇ ಬರೆದದ್ದನ್ನು ಅಂಗೈಯಿಂದ ಮರೆಮಾಡಿ, "ಬೆಳಕು ಹರಿಯುವಾಗ ಅಪ್ಪ ಬಂದ" ಅಂದುಬಿಟ್ಟೆ.

ಜೆರ್ಲಿನ್ ಚಿತ್ರದ ಮೇಲೆ ಬಗ್ಗಿದಳು. ಅಲ್ಲಿದ್ದದ್ದು ಹುಡುಗಿ, ದೀಪ, ಖಾಲಿ ಸಮುದ್ರ.

"ದೋಣಿ ಎಲ್ಲಿ ಮೇಡಂ?"

"ಕಾಗದ ಸಾಲಲಿಲ್ಲ ಪುಟ್ಟಿ. ಇನ್ನೂ ಸ್ವಲ್ಪ ಆಚೆ ಇದೆ."

ಅವಳು ಪುಟದ ಅಂಚು ದಾಟಿ ಚಾಪೆಯ ಮೇಲೆ ಬೆರಳಿಟ್ಟಳು. "ಇಲ್ಲಿಯಾ?"

"ಹೂಂ, ಅಲ್ಲೇ."

ಅವಳು ನಕ್ಕಳು. ಆ ನಗು ನೋಡಿ ನನಗೆ ಎಂಥಾ ಸಮಾಧಾನವಾಯಿತೆಂದರೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಪುಸ್ತಕ ಮನೆಗೆ ಬೇಕೆಂದಳು. ಅವಳಿಗೆ ಓದಲು ಬರುತ್ತದಲ್ಲ! "ಒಂದು ಪಟ್ಟಿ ಬಿಟ್ಟುಕೊಂಡಿದೆ, ಅಂಟಿಸಿ ಕೊಡ್ತೀನಿ" ಅಂತ ಸುಳ್ಳು ಹೇಳಿ, ಎಲ್ಲರೂ ಊಟಕ್ಕೆ ಹೋದಾಗ ಹಳೇ ಪಟ್ಟಿ ಕಿತ್ತು ಹೊಸದು ಬರೆದು ಅಂಟಿಸಿದೆ. ಗಂಜಿಯನ್ನು ಧಾರಾಳವಾಗಿ ಸವರಿದೆ. ಮಧ್ಯಾಹ್ನ ಅವಳು ಪುಸ್ತಕವನ್ನು ಎದೆಗವುಚಿಕೊಂಡು ಹೋದಳು.

ಒಂದು ವಾರಕ್ಕೆಂದು ಕೊಟ್ಟ ಪುಸ್ತಕ. ನಾನು ವಾಪಸು ಕೇಳಲಿಲ್ಲ. ಶಾಲೆಗೆ ಬರುವ ಮುಂಚೆ ಅವಳು ದಡದಲ್ಲಿ ಕೂತಿರುತ್ತಾಳೆಂದು ಮಕ್ಕಳು ಹೇಳಿದರು. ಕೇಳಿಸಿಕೊಂಡು ಸುಮ್ಮನಾದೆ.

ನಮ್ಮಲ್ಲಿ ಸಮುದ್ರ ಹೆಣ ಕೊಡದಿದ್ದರೆ ನಲವತ್ತನೇ ದಿನ ಹೋದವರ ಬಟ್ಟೆಯನ್ನು ಪೆಟ್ಟಿಗೆಯಲ್ಲಿಟ್ಟು ಮಣ್ಣು ಮಾಡುತ್ತಾರೆ. ಬಟ್ಟೆ ಮಣ್ಣಿಗೆ ಹೋಗುವ ತನಕ ಸತ್ತವನಿಗೂ ನೆಲೆಯಿಲ್ಲ, ಮನೆಯವರಿಗೂ ಇಲ್ಲ. ನೆಸ್ತೋರನ ನಲವತ್ತನೇ ದಿನಕ್ಕೆ ಒಂದು ದಿನ ಮುಂಚೆ ಬಸಿಲಿಯಾ ಲೈಬ್ರರಿಗೆ ನುಗ್ಗಿದಳು. ನಾವಿಬ್ಬರೂ ಇದೇ ಶಾಲೆಯಲ್ಲಿ ಒಂದೇ ಬೆಂಚು. ಅವಳು ಎರಡನೇ ಕ್ಲಾಸಿಗೇ ಬಿಟ್ಟಳು, ಅಕ್ಷರ ಕೈಗೆ ಹತ್ತಲಿಲ್ಲ. ಪುಸ್ತಕವನ್ನು ನನ್ನ ಮೇಜಿನ ಮೇಲೆ ಕುಕ್ಕಿದಳು.

"ಕೊನೇ ಹಾಳೆ ಓದೇ, ಪುರಿಂಗ್."

ಓದಿದೆ.

"ಯಾರು ಬರೆದದ್ದು?"

"ನಾನೇ."

"ಅದೇ ಅಂದ್ಕೊಂಡೆ. ಬೇರೆ ಯಾರಿಗೆ ಇಂಥಾ ಬುದ್ಧಿ ಬರತ್ತೆ!" ಮಕ್ಕಳ ಪುಟ್ಟ ಸ್ಟೂಲಿನ ಮೇಲೆ ಕುಸಿದಳು. "ಅವನ ಹಳದಿ ಅಂಗಿ ಬಚ್ಚಿಟ್ಟಿದಾಳೆ ಕಣೇ. ಉಳಿದಿರೋದು ಅದೊಂದೇ, ಬೇರೆ ಬಟ್ಟೆಯೆಲ್ಲಾ ಬಿರುಗಾಳೀಲಿ ಸೂರಿನ ಜೊತೆ ಹಾರ್ಹೋಯ್ತು. ಕೇಳಿದ್ರೆ, ಅಪ್ಪ ಬಂದ್ರೆ ಏನು ಹಾಕ್ಕೊಳ್ತಾನೆ ಅಂತಾಳೆ. ಊಟಕ್ಕೆ ಕೂತ್ರೆ ಅವನ ತಟ್ಟೆಗೂ ಅನ್ನ, ಒಣಮೀನು ಬಡಿಸ್ಬೇಕು. ಅವನು ನನ್ನ ಮಗ ಅಲ್ವೇನೇ? ಅವಳೆದುರು ಅಳೋ ಹಾಗಿಲ್ಲ ನಾನು. ಹಂದಿ ಗೂಡಿನ ಹಿಂದೆ ಹೋಗಿ ಅತ್ತು ಬರ್ತೀನಿ."

ಕ್ಲಾಸಿನಿಂದ ಜೆರ್ಲಿನಳನ್ನು ಕರೆಸಿದೆ. ಚೀಲ ಬೆನ್ನಿಗೆ ಹಾಕಿಕೊಂಡೇ ಬಂದಳು. ಕಾಫಿಯ ಕೆಟಲಿನಲ್ಲಿ ನೀರು ಕುದಿಸಿ, ಕೊನೆಯ ಪುಟವನ್ನು ಆವಿಗೆ ಹಿಡಿದೆ. ಗಂಜಿ ಮೆತ್ತಗಾಗಲು ಬಹಳ ಹೊತ್ತು ಹಿಡಿಯಿತು. ಬೈದುಕೊಳ್ಳುತ್ತಾ ಉಗುರಿನಿಂದ ಬಿಡಿಸಿದೆ. ಕೆಳಗಿನ ಅಚ್ಚಿನ ಸಾಲನ್ನು ಓದಿ, ನಮ್ಮ ಮಾತಿನಲ್ಲೂ ಹೇಳಿದೆ: "ಅಪ್ಪನ ದೋಣಿ ಬರಲಿಲ್ಲ. ಆದರೂ ಅವಳು ದೀಪ ಹಚ್ಚಿದಳು."

ಜೆರ್ಲಿನ್ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿಕೊಂಡಳು.

"ಇದು ಮುಂಚೇನೇ ಇತ್ತಾ?"

"ಇತ್ತು."

"ನೀವು ಮುಚ್ಚಿದ್ರಾ?"

"ಹೂಂ. ತಪ್ಪು ಮಾಡಿದೆ ಪುಟ್ಟಿ. ನಿನಗೆ ನೋವಾಗಬಾರದು ಅಂತ..."

"ದೋಣಿ ಆಚೆ ಇಲ್ವಾ?"

"ಇಲ್ಲ."

ಅಳುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಚೀಲ ಇಳಿಸಿ, ನೋಟ್‌ಬುಕ್ಕುಗಳ ಅಡಿಯಿಂದ ಮಡಿಸಿಟ್ಟ ಹಳದಿ ಅಂಗಿ ತೆಗೆದು ಅಜ್ಜಿಯ ಕೈಗೆ ಕೊಟ್ಟಳು. ಬಸಿಲಿಯಾ ಅದಕ್ಕೆ ಮುಖ ಹುದುಗಿಸಿ, ಮೊದಲ ಸಲ ಮೊಮ್ಮಗಳ ಎದುರೇ ಗೋಳೋ ಎಂದು ಅತ್ತಳು. ಜೆರ್ಲಿನ್ ಅವಳ ಬೆನ್ನು ಸವರುತ್ತಾ ನಿಂತಳು. ನನ್ನ ಕಡೆ ತಿರುಗಲಿಲ್ಲ.

ಮರುದಿನ ಅಂಗಿ ಮಣ್ಣಾಯಿತು. ನಾನೂ ಹೋಗಿ ಹಿಂದೆ ನಿಂತಿದ್ದೆ.

ಮುಂದಿನ ಗುರುವಾರ ಕೋಳಿಯ ಪುಸ್ತಕ ತೆಗೆದೆ. ಅದು ಎಂಥ ಅಳುಮುಂಜಿ ಮಗುವನ್ನೂ ನಗಿಸುತ್ತದೆ. ಕೋಳಿ ಇಡೀ ದಿನ ಮರಿಗಳನ್ನು ಹುಡುಕಿ ಬೀಳುತ್ತದೆ, ಏಳುತ್ತದೆ, ಕೊನೆಗೆ ಎಲ್ಲವೂ ಗೂಡು ಸೇರುತ್ತವೆ. ಮಕ್ಕಳು ಬಿದ್ದು ಬಿದ್ದು ನಕ್ಕವು. ಕೊನೆಯ ಪುಟ ಓದಿ ಮುಗಿಸಿದೆ. "ಸಂಜೆಗೆ ಎಲ್ಲ ಮರಿಗಳೂ ಬಂದವು."

ಜೆರ್ಲಿನ್ ಎದ್ದು ಮುಂದೆ ಬಂದಳು.

"ಇದರ ಕೆಳಗೆ ಏನಿದೆ ಮೇಡಂ?"

"ಇದೇ ಇದೆ ಪುಟ್ಟಿ. ಇದನ್ನೇ ತಗಾಲೊಗ್‌ನಲ್ಲಿ ಬರೆದಿದೆ."

ಅವಳು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಪಟ್ಟಿಯ ಮೂಲೆಗೆ ಉಗುರು ಹಾಕಿದಳು. ಹಳೇ ಗಂಜಿ, ಸಲೀಸಾಗಿ ಎದ್ದಿತು. ಅಚ್ಚಿನ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಅದೇ ಇತ್ತು. ಚಿತ್ರದ ಮರಿಗಳನ್ನು ಎಣಿಸಿದಳು. ಏಳೂ ಇದ್ದವು.

ಅವಳ ಬೆರಳು ಅಚ್ಚಿನ ಸಾಲಿನ ಮೇಲೆಯೇ ಇತ್ತು.

"ಇದರ ಕೆಳಗೆ?"

"ಅದರ ಕೆಳಗೆ ಏನೂ ಇಲ್ಲ ಪುಟ್ಟಿ. ಬರೀ ಕಾಗದ. ನನ್ನಾಣೆ."

ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ತಲೆ ತಗ್ಗಿಸಿ, ಕಾಗದ ತೂತಾಗುವವರೆಗೂ ಕೆರೆದಳು.