ಬುಡದವನ ಒಪ್ಪಿಗೆ

ಮೊರೊಕ್ಕೊದಲ್ಲಿ ಊರೂರು ಸುತ್ತುವ ಆ ಸರ್ಕಸ್ಸಿನಲ್ಲಿ ಬಿಹಿಯೇ ಬುಡದವನು. ಹೆಂಡತಿಯ ಮನೆಯ ಏಳು ಜನ ಅವನ ಮೈಮೇಲೆ ಗೋಪುರವಾಗಿ ನಿಲ್ಲುತ್ತಿದ್ದರು. ತುತ್ತತುದಿಯಲ್ಲಿ ಅವನ ಆರು ವರ್ಷದ ಮಗಳು ತೂದಾ.

ಆ ಬೆಳಿಗ್ಗೆ ಬಿಹಿ ಧೈರ್ಯ ಮಾಡಿ ಹೇಳಿಯೇಬಿಟ್ಟಿದ್ದ: "ಮಾವ, ನನ್ ಕೈಲಿ ಇನ್ನಾಗಲ್ಲ. ಹೆಂಡ್ತಿ ಮಗಳ್ನ ಕರ್ಕೊಂಡು ಅಗಾದೀರಿಗೆ ಹೋಗ್ತೀನಿ. ಅಲ್ಲಿ ಸಮುದ್ರದ ದಡದಲ್ಲಿ ಅಣ್ಣಂದು ಮೀನಿನ ದೋಣಿ ಇದೆ."

ಮಾವ ದಹ್ಮಾನ್ ಚಹಾ ಹೀರುತ್ತಲೇ ಇದ್ದ.

ಸಂಜೆ ಗೋಪುರ ನಿಂತಿತು. ಬುಡದವನು ಬಾಯಿ ಬಿಡುವಂತಿಲ್ಲ, ಉಸಿರು ಸಡಿಲಿದರೆ ಎಲ್ಲರೂ ನೆಲಕ್ಕೆ. ಡೋಲು ಬಾರಿಸುತ್ತಿದ್ದ ಮಾವ ಹತ್ತಿರ ಬಂದು ಕಿವಿಯಲ್ಲಿ ಹೇಳಿದ: "ಇನ್ನೂ ಐದು ವರ್ಷ ಇರ್ತೀವಿ ಅಂತ ಮಾಲೀಕರಿಗೆ ಮಾತು ಕೊಡ್ತಿದೀನಿ ಕಣಯ್ಯಾ. ಬೇಡ ಅಂದ್ರೆ ತಲೆ ಅಲ್ಲಾಡ್ಸು, ಬಲವಂತ ಏನಿಲ್ಲ."

ಗೋಪುರದಡಿ ಒಪ್ಪಿದ್ದನ್ನು ಆ ಮನೆತನದಲ್ಲಿ ಯಾರೂ ಮುರಿದವರಿಲ್ಲ. ಹನ್ನೊಂದು ವರ್ಷದ ಹಿಂದೆ ಮದುವೆಗೂ ಮುದುಕ ಹೀಗೆಯೇ ಒಪ್ಪಿಗೆ ಕೇಳಿದ್ದ. ಅಂದು ತುದಿಯಲ್ಲಿ ನಿಂತಿದ್ದವಳು ಹೆಂಡತಿ ಇಜ್ಜಾ.

ಈ ಸಲ ಬಿಹಿಗೆ ರೇಗಿತು. ಏನಾದರಾಗಲಿ ಎಂದು ಹಲ್ಲು ಕಚ್ಚಿ ಕತ್ತನ್ನು ಎಳ್ಳಷ್ಟು ಹೊರಳಿಸಿದ.

ಮೇಲಿನಿಂದ ತೂದಾ ಚೀರಿದಳು: "ಅಪ್ಪಾ, ಅಲ್ಲಾಡ್ಬೇಡ!"